ಹ್ಯಾರಿ ರಿಕಾರ್ಡೊ

ಸರ್ ಹ್ಯಾರಿ ರಾಲ್ಫ್ ರಿಕಾರ್ಡೊ (ಜನನ: 26 ಜನವರಿ 1885, ಲಂಡನ್, ಮರಣ: 18 ಮೇ 1974) ಅವರು ಇಂಗ್ಲೆಂಡಿನ ಸುಪ್ರಸಿದ್ಧ ಎಂಜಿನಿಯರ್ ಹಾಗೂ ಅಂತರ್ದಹನ ಎಂಜಿನುಗಳ ಸಂಶೋಧಕರು. ಪೆಟ್ರೋಲ್ ಎಂಜಿನ್ನಿನೊಳಗೆ ಇಂಧನ ಹೇಗೆ ಉರಿಯುತ್ತದೆ, ಅದರ ಶಾಖದಲ್ಲಿ ಎಷ್ಟು ಭಾಗ ಚಕ್ರಕ್ಕೆ ತಲುಪುತ್ತದೆ, ಉಳಿದದ್ದು ಎಲ್ಲಿ ವ್ಯರ್ಥವಾಗುತ್ತದೆ ಎಂಬ ಪ್ರಶ್ನೆಗಳಿಗೆ ಅವರು ಅಳತೆ ಮತ್ತು ಪ್ರಯೋಗಗಳ ಮೂಲಕ ಉತ್ತರ ಹುಡುಕಿದರು. ಎಂಜಿನ್ನಿನ 'ನಾಕಿಂಗ್' ಅಥವಾ ಬಡಿತದ ಸ್ವರೂಪವನ್ನು ವಿವರಿಸಿದವರಲ್ಲಿ ಅವರು ಪ್ರಮುಖರು. ಇಂದು ಪೆಟ್ರೋಲ್ ಬಂಕುಗಳಲ್ಲಿ ಕಾಣುವ ಆಕ್ಟೇನ್ ಸಂಖ್ಯೆಯ ಹಿಂದಿನ ಚಿಂತನೆಗೆ ಅವರ ಸಂಶೋಧನೆಗಳು ದಾರಿ ಮಾಡಿಕೊಟ್ಟವು. ಮೊದಲನೆಯ ಮಹಾಯುದ್ಧದ ಬ್ರಿಟಿಷ್ ಟ್ಯಾಂಕುಗಳ ಎಂಜಿನ್, ಓಟದ ಕಾರುಗಳ ಎಂಜಿನ್, ಸಣ್ಣ ಡೀಸೆಲ್ ವಾಹನಗಳ ದಹನಕೋಶ, ವಿಮಾನಗಳ ತೋಳುಕವಾಟದ ಎಂಜಿನ್ ಇವೆಲ್ಲವುಗಳ ಬೆಳವಣಿಗೆಯಲ್ಲಿ ಅವರ ಪಾತ್ರವಿದೆ.

ಜನನ ಮತ್ತು ಮನೆತನ

ರಿಕಾರ್ಡೊ ಅವರು ಲಂಡನ್ನಿನ ಬೆಡ್‌ಫರ್ಡ್ ಸ್ಕ್ವೇರಿನ 13ನೆಯ ಸಂಖ್ಯೆಯ ಮನೆಯಲ್ಲಿ ಜನಿಸಿದರು. ಮೂವರು ಮಕ್ಕಳಲ್ಲಿ ಹಿರಿಯರು ಮತ್ತು ಏಕೈಕ ಪುತ್ರ. ಪೋರ್ಚುಗಲ್ ಮೂಲದ ಯಹೂದಿ ಮನೆತನವಾದ ರಿಕಾರ್ಡೊ ಕುಟುಂಬದಲ್ಲಿಯೇ ಪ್ರಸಿದ್ಧ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಹುಟ್ಟಿದ್ದರು. ಹ್ಯಾರಿ ಅವರು ಆ ಅರ್ಥಶಾಸ್ತ್ರಜ್ಞನ ಸಹೋದರನ ವಂಶಸ್ಥರು.

ತಂದೆ ಹಾಲ್ಸೆ ರಿಕಾರ್ಡೊ ವಾಸ್ತುಶಿಲ್ಪಿ. ಕೋಲ್ಕತ್ತದ ಹೂಗ್ಲಿ ನದಿಯ ದಡದಲ್ಲಿರುವ ಹೌರಾ ರೈಲು ನಿಲ್ದಾಣದ ಈಗಿನ ಕೆಂಪು ಕಟ್ಟಡವನ್ನು ವಿನ್ಯಾಸಗೊಳಿಸಿದವರು ಅವರೇ. ತಾಯಿ ಕ್ಯಾಥರೀನ್ ಅವರು ಸಿವಿಲ್ ಎಂಜಿನಿಯರ್ ಸರ್ ಅಲೆಕ್ಸಾಂಡರ್ ರೆಂಡೆಲ್ ಅವರ ಮಗಳು. ಸಿಂಧೂ ನದಿಗೆ ಅಡ್ಡಲಾಗಿ ಸುಕ್ಕೂರಿನಲ್ಲಿ 1889ರಲ್ಲಿ ನಿರ್ಮಾಣಗೊಂಡ ಲ್ಯಾನ್ಸ್‌ಡೌನ್ ಸೇತುವೆಯ ವಿನ್ಯಾಸ ರೆಂಡೆಲ್ ಅವರದು. ಹೀಗೆ ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಕಟ್ಟುವ ವಿದ್ಯೆ ಆ ಮನೆಯಲ್ಲಿ ಸಹಜವಾಗಿ ನೆಲೆಸಿತ್ತು.

1898ರಲ್ಲಿ ತಾತ ರೆಂಡೆಲ್ ಅವರು ಮೋಟಾರು ಕಾರೊಂದನ್ನು ಕೊಂಡರು. ಇಂಗ್ಲೆಂಡಿನಲ್ಲಿ ಕಾರುಗಳು ಅಪರೂಪವಾಗಿದ್ದ ಆ ಕಾಲದಲ್ಲಿ, ಹದಿಮೂರು ವರ್ಷದ ಬಾಲಕನಿಗೆ ಮನೆಯ ಅಂಗಳದಲ್ಲಿಯೇ ಅದನ್ನು ನೋಡುವ ಅವಕಾಶ ದೊರೆಯಿತು. ಎಂಜಿನುಗಳ ಮೇಲಿನ ಅವರ ಒಲವು ಜೀವನಪರ್ಯಂತ ಉಳಿಯಿತು.

ಶಿಕ್ಷಣ ಮತ್ತು ಒಂದು ಕ್ವಾರ್ಟ್ ಪೆಟ್ರೋಲಿನ ಸ್ಪರ್ಧೆ

ರಗ್ಬಿ ಶಾಲೆಯಲ್ಲಿ ವಿದ್ಯಾಭ್ಯಾಸ ಮುಗಿಸಿದ ರಿಕಾರ್ಡೊ 1903ರ ಅಕ್ಟೋಬರಿನಲ್ಲಿ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜನ್ನು ಸೇರಿದರು. ತಾತನಂತೆ ಸಿವಿಲ್ ಎಂಜಿನಿಯರ್ ಆಗುವುದು ಆಗಿನ ಉದ್ದೇಶವಾಗಿತ್ತು.

ಮೊದಲ ವರ್ಷದ ಕೊನೆಯಲ್ಲಿ, ಅಂದರೆ 1904ರಲ್ಲಿ, ವಿಶ್ವವಿದ್ಯಾಲಯದ ಆಟೊಮೊಬೈಲ್ ಕ್ಲಬ್ ಒಂದು ಸ್ಪರ್ಧೆಯನ್ನು ಏರ್ಪಡಿಸಿತು. ಪ್ರತಿ ವಾಹನಕ್ಕೂ ಒಂದು ಕ್ವಾರ್ಟ್, ಎಂದರೆ ಸುಮಾರು 1.14 ಲೀಟರ್ ಪೆಟ್ರೋಲ್ ಮಾತ್ರ. ಅಷ್ಟರಲ್ಲಿ ಅತಿ ಹೆಚ್ಚು ದೂರ ಕ್ರಮಿಸಿದ ವಾಹನಕ್ಕೆ ಗೆಲುವು. ರಿಕಾರ್ಡೊ ಅವರು ತಾವೇ ರಚಿಸಿದ ಒಂಟಿ ಸಿಲಿಂಡರಿನ ಮೋಟಾರ್ ಸೈಕಲ್ಲಿನೊಂದಿಗೆ ಕಣಕ್ಕಿಳಿದರು. ಸ್ಪರ್ಧೆಯಲ್ಲಿದ್ದ ಎಂಜಿನುಗಳಲ್ಲೆಲ್ಲ ಅವರದೇ ಅತ್ಯಂತ ಭಾರವಾದದ್ದು. ಆದರೂ ಆ ವಾಹನ 40 ಮೈಲಿ, ಅಂದರೆ ಸುಮಾರು 64 ಕಿಲೋಮೀಟರ್ ಸಾಗಿ ಪ್ರಥಮ ಸ್ಥಾನ ಪಡೆಯಿತು. ಇಂದಿನ ಲೆಕ್ಕದಲ್ಲಿ ಇದು ಲೀಟರಿಗೆ ಸುಮಾರು 56 ಕಿಲೋಮೀಟರ್.

ತೂಕ ಹೆಚ್ಚಿದರೆ ಇಂಧನ ಹೆಚ್ಚು ಬೇಕು ಎಂಬ ಸಾಮಾನ್ಯ ತಿಳಿವಳಿಕೆ ತಪ್ಪಲ್ಲ. ಆದರೆ ಇಂಧನದ ಬಳಕೆಯನ್ನು ನಿರ್ಧರಿಸುವುದು ತೂಕವೊಂದೇ ಅಲ್ಲ, ಸಿಲಿಂಡರಿನೊಳಗಿನ ದಹನದ ಗುಣವೂ ಅಷ್ಟೇ ಮುಖ್ಯ ಎಂಬುದನ್ನು ಈ ಗೆಲುವು ತೋರಿಸಿತು.

ಹಾಪ್ಕಿನ್ಸನ್ ಅವರ ಪ್ರಭಾವ

ಕೇಂಬ್ರಿಡ್ಜಿನ ಯಂತ್ರವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಬರ್ಟ್ರಮ್ ಹಾಪ್ಕಿನ್ಸನ್ ಅವರು ಈ ವಿದ್ಯಾರ್ಥಿಯ ಪ್ರತಿಭೆಯನ್ನು ಗುರುತಿಸಿ, ಎಂಜಿನುಗಳ ಕಾರ್ಯಕ್ಷಮತೆಯ ಸಂಶೋಧನೆಯಲ್ಲಿ ತಮ್ಮೊಡನೆ ಸೇರಿಸಿಕೊಂಡರು. ರಿಕಾರ್ಡೊ 1906ರಲ್ಲಿ ಪದವಿ ಪಡೆದು, ಇನ್ನೊಂದು ವರ್ಷ ಅಲ್ಲಿಯೇ ಸಂಶೋಧನೆ ಮುಂದುವರಿಸಿದರು.

ಗಾಳಿ ಮತ್ತು ಪೆಟ್ರೋಲಿನ ಮಿಶ್ರಣದ ಪ್ರಮಾಣ ಬದಲಾದಂತೆ ದಹನ ಹೇಗೆ ಬದಲಾಗುತ್ತದೆ ಎಂಬುದು ಅವರ ಮೊದಲ ಅಧ್ಯಯನಗಳ ವಿಷಯ. ಒಂದು ಭಾಗ ಪೆಟ್ರೋಲು ಪೂರ್ತಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಪೆಟ್ರೋಲಿನ ಪಾಲು ಇದಕ್ಕಿಂತ ಸ್ವಲ್ಪ ಹೆಚ್ಚಾದಾಗ ಎಂಜಿನ್ ಗರಿಷ್ಠ ಶಕ್ತಿ ನೀಡುತ್ತದೆ; ಸ್ವಲ್ಪ ಕಡಿಮೆಯಾದಾಗ ಗರಿಷ್ಠ ಮಿತವ್ಯಯ ಸಾಧ್ಯವಾಗುತ್ತದೆ. ಶಕ್ತಿ ಮತ್ತು ಮಿತವ್ಯಯ ಎರಡೂ ಒಂದೇ ಮಿಶ್ರಣದಲ್ಲಿ ಪೂರ್ಣವಾಗಿ ದೊರೆಯುವುದಿಲ್ಲ. ಈ ಎರಡರ ನಡುವಿನ ಎಳೆದಾಟ ರಿಕಾರ್ಡೊ ಅವರ ಮುಂದಿನ ಎಲ್ಲ ಕೆಲಸಗಳಲ್ಲೂ ಕಾಣಿಸಿಕೊಳ್ಳುತ್ತದೆ.

ಡಾಲ್ಫಿನ್ ಕಾರು

ವಿದ್ಯಾರ್ಥಿಯಾಗಿದ್ದಾಗಲೇ ರಿಕಾರ್ಡೊ ಎರಡು ಹೊಡೆತದ ಎಂಜಿನ್ನೊಂದನ್ನು ವಿನ್ಯಾಸಗೊಳಿಸಿದ್ದರು. ಸೋದರ ಸಂಬಂಧಿ ರಾಲ್ಫ್ ರಿಕಾರ್ಡೊ ಅವರು ಅದೇ ತತ್ತ್ವದ ದೊಡ್ಡ ಎಂಜಿನ್ನನ್ನು ಬಳಸಿ, ಸಸೆಕ್ಸ್ ಕರಾವಳಿಯ ಶೋರಮ್ ಎಂಬ ಊರಿನಲ್ಲಿ 'ಡಾಲ್ಫಿನ್' ಹೆಸರಿನ ಕಾರನ್ನು ತಯಾರಿಸಲು ಕಂಪನಿಯೊಂದನ್ನು ಸ್ಥಾಪಿಸಿದರು. ಕಾರು ಸೊಗಸಾಗಿದ್ದರೂ ವ್ಯಾಪಾರ ಕೈಗೂಡದೆ ಕಂಪನಿ ಮುಚ್ಚಿತು. ಎಂಜಿನ್ ಮಾತ್ರ ಮೀನುಗಾರಿಕೆಯ ದೋಣಿಗಳಲ್ಲಿ ಉಪಯೋಗಕ್ಕೆ ಬಂದಿತು.

ಈ ನಡುವೆ ರಿಕಾರ್ಡೊ ತಾತನ ಸಂಸ್ಥೆಯಲ್ಲಿ ಎಂಜಿನಿಯರ್ ಆಗಿ ದುಡಿಯುತ್ತಿದ್ದರು. 1911ರಲ್ಲಿ ಲಂಡನ್ನಿನ ಸ್ಲೇಡ್ ಕಲಾಶಾಲೆಯ ವಿದ್ಯಾರ್ಥಿನಿಯಾಗಿದ್ದ ಬಿಯಾಟ್ರಿಸ್ ಹೇಲ್ ಅವರನ್ನು ವಿವಾಹವಾದರು. 1915ರಲ್ಲಿ ಸ್ವಂತ ಕಂಪನಿಯನ್ನು ಆರಂಭಿಸಿದರು. ಇದೇ ಮುಂದೆ ರಿಕಾರ್ಡೊ ಸಂಸ್ಥೆಯಾಗಿ ಬೆಳೆಯಿತು.

ಯುದ್ಧಟ್ಯಾಂಕಿನ ಎಂಜಿನ್

ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ 1916ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ಟ್ಯಾಂಕುಗಳನ್ನು ಕಣಕ್ಕಿಳಿಸಿತು. ಸುಮಾರು 28 ಟನ್ ತೂಕದ ಆ ಯಂತ್ರಗಳಲ್ಲಿದ್ದ ಎಂಜಿನ್ನಿನ ಶಕ್ತಿ 105 ಅಶ್ವಶಕ್ತಿ ಮಾತ್ರ. ಅದಕ್ಕಿಂತ ಗಂಭೀರವಾದ ದೋಷ ಇನ್ನೊಂದಿತ್ತು. ಸಿಲಿಂಡರಿನೊಳಗೆ ನುಗ್ಗಿದ ಎಣ್ಣೆ ಉರಿದು ದಟ್ಟವಾದ ನೀಲಿ ಹೊಗೆ ಹೊರಬರುತ್ತಿತ್ತು. ಟ್ಯಾಂಕು ಎಲ್ಲಿದೆಯೆಂಬುದನ್ನು ಶತ್ರುವಿನ ಫಿರಂಗಿಗಳಿಗೆ ಆ ಹೊಗೆಯೇ ಸಾರಿ ಹೇಳುತ್ತಿತ್ತು. ಒಳಗಿದ್ದ ಸೈನಿಕರ ಪ್ರಾಣ ಎಂಜಿನ್ನಿನ ಹೊಗೆಯನ್ನು ಅವಲಂಬಿಸಿತ್ತು.

ಈ ಸಮಸ್ಯೆಯ ಪರಿಹಾರಕ್ಕಾಗಿ ರಿಕಾರ್ಡೊ ಅವರನ್ನು ಸಂಪರ್ಕಿಸಲಾಯಿತು. ಇದ್ದ ಎಂಜಿನ್ನನ್ನು ತಿದ್ದುವುದರ ಬದಲು ಹೊಸದನ್ನೇ ರಚಿಸುವುದು ಲೇಸೆಂದು ಅವರು ನಿರ್ಧರಿಸಿದರು. ಆರು ಸಿಲಿಂಡರುಗಳ, 150 ಅಶ್ವಶಕ್ತಿಯ ಹೊಸ ಎಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಭಾಗವನ್ನು ಬೇರ್ಪಡಿಸಿ, ಪಕ್ಕದ ಒತ್ತಡವನ್ನು ತಾಳುವ ಜಾರುಭಾಗವೊಂದನ್ನು ಅಳವಡಿಸಿದರು. ಎಂಜಿನ್ನಿಗೆ ಹೋಗುವ ಗಾಳಿ ಈ ಭಾಗವನ್ನು ಸುತ್ತಿ ತಂಪುಮಾಡಿ ಹೋಗುತ್ತಿತ್ತು. ಇದರಿಂದ ಎಣ್ಣೆ ಮೇಲಕ್ಕೆ ಏರುವುದು ತಪ್ಪಿತು, ಹೊಗೆ ಕಡಿಮೆಯಾಯಿತು.

ಈ ಎಂಜಿನ್ ಹೊಂದಿದ ಐದನೆಯ ಮಾದರಿಯ ಟ್ಯಾಂಕುಗಳು 1918ರ ಹಾಮೆಲ್ ಮತ್ತು ಆಮಿಯಾ ಕದನಗಳಲ್ಲಿ ಭಾಗವಹಿಸಿದವು. ಸುಮಾರು 8,000 ಎಂಜಿನುಗಳು ತಯಾರಾದವು. ಟ್ಯಾಂಕಿಗಾಗಿಯೇ ವಿನ್ಯಾಸಗೊಂಡ ಬ್ರಿಟನ್ನಿನ ಮೊದಲ ಎಂಜಿನ್ ಎಂಬ ಹೆಗ್ಗಳಿಕೆ ಇದರದು. ಇದರಿಂದ ಬಂದ ಗೌರವಧನ ಶೋರಮ್ಮಿನಲ್ಲಿ ಸ್ವಂತ ಪ್ರಯೋಗಾಲಯವನ್ನು ಕಟ್ಟಲು ನೆರವಾಯಿತು.

1917ರಲ್ಲಿ ಹಾಪ್ಕಿನ್ಸನ್ ಅವರು ಸೈನಿಕ ವಿಮಾನಗಳ ಎಂಜಿನ್ ಸಂಶೋಧನೆಗೆ ಶಿಷ್ಯನನ್ನು ಮತ್ತೆ ಕರೆಸಿಕೊಂಡರು. ಮರುವರ್ಷ, 1918ರ ಆಗಸ್ಟಿನಲ್ಲಿ, ವಿಮಾನ ನಡೆಸುತ್ತಿದ್ದಾಗ ಸಂಭವಿಸಿದ ಅಪಘಾತದಲ್ಲಿ ಹಾಪ್ಕಿನ್ಸನ್ ಮೃತಪಟ್ಟರು. ಗುರುವಿನ ಕೆಲಸವನ್ನು ಮುಂದುವರಿಸುವ ಹೊಣೆ ರಿಕಾರ್ಡೊ ಅವರ ಮೇಲೆ ಬಿದ್ದಿತು.

ಎಂಜಿನ್ನಿನ ಬಡಿತ ಮತ್ತು ಇಂಧನ ಸಂಶೋಧನೆ

ಎಂಜಿನ್ನಿನ ಸಂಪೀಡನ ಅನುಪಾತ ಹೆಚ್ಚಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ತೆಗೆಯಬಹುದು. ತಾತ್ತ್ವಿಕ ಲೆಕ್ಕದ ಪ್ರಕಾರ ಅನುಪಾತ 5 ಇದ್ದಾಗ ಶಾಖದ ಶೇ 47ರಷ್ಟು ಕೆಲಸವಾಗಿ ಪರಿವರ್ತನೆಗೊಳ್ಳಬಹುದು. ಅನುಪಾತ 10 ಆದಾಗ ಅದು ಶೇ 60ಕ್ಕೆ ಏರುತ್ತದೆ. ವಾಸ್ತವದ ಎಂಜಿನುಗಳಲ್ಲಿ ಈ ಅಂಕಿಗಳು ಬಹಳ ಕಡಿಮೆ. ಆದರೆ ಏರಿಕೆಯ ದಿಕ್ಕು ಅದೇ. ಹಾಗಿದ್ದರೂ ಅನುಪಾತವನ್ನು ಒಂದು ಮಿತಿಗಿಂತ ಹೆಚ್ಚಿಸಿದರೆ ಎಂಜಿನ್ ಲೋಹಕ್ಕೆ ಸುತ್ತಿಗೆ ಬಡಿದಂತೆ ಸದ್ದು ಮಾಡುತ್ತಿತ್ತು, ಬಿಸಿಯೇರಿ ಹಾಳಾಗುತ್ತಿತ್ತು.

ಕಿಡಿ ಹಾರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುವುದರಿಂದ ಈ ಬಡಿತ ಉಂಟಾಗುತ್ತದೆ ಎಂದು ಆಗ ಅನೇಕರು ನಂಬಿದ್ದರು. ಹಾಪ್ಕಿನ್ಸನ್ ಮತ್ತು ರಿಕಾರ್ಡೊ ಅವೆರಡೂ ಬೇರೆ ಬೇರೆ ಎಂಬುದನ್ನು ಕಂಡುಕೊಂಡರು. ಕಿಡಿಯಿಂದ ಹೊರಟ ಜ್ವಾಲೆ ಸಿಲಿಂಡರಿನಲ್ಲಿ ಹರಡುತ್ತಾ ಹೋದಂತೆ, ಇನ್ನೂ ಉರಿಯದೆ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಲ್ಪಟ್ಟು ಬಿಸಿಯಾಗುತ್ತದೆ. ಜ್ವಾಲೆ ಅಲ್ಲಿಗೆ ತಲುಪುವ ಮೊದಲೇ ಅದು ತಾನಾಗಿ ಒಮ್ಮೆಲೆ ಸ್ಫೋಟಿಸಿದರೆ ಬಡಿತ ಕೇಳಿಸುತ್ತದೆ.

ಇದರಿಂದ ಎರಡು ದಾರಿಗಳು ತೆರೆದುಕೊಂಡವು. ದಹನಕೋಶದ ಆಕಾರವನ್ನು ಬದಲಿಸಿ ಜ್ವಾಲೆ ಬೇಗನೆ ಹರಡುವಂತೆ ಮಾಡುವುದು ಒಂದು. ತಾನಾಗಿ ಸ್ಫೋಟಿಸದ ಇಂಧನವನ್ನು ಆರಿಸುವುದು ಇನ್ನೊಂದು.

ಎರಡನೆಯದಕ್ಕಾಗಿ ರಿಕಾರ್ಡೊ 1919ರ ವೇಳೆಗೆ 'ಇ35' ಎಂಬ ಒಂಟಿ ಸಿಲಿಂಡರಿನ ಪ್ರಯೋಗ ಎಂಜಿನ್ನನ್ನು ನಿರ್ಮಿಸಿದರು. ಎಂಜಿನ್ ಓಡುತ್ತಿರುವಾಗಲೇ ಅದರ ಸಂಪೀಡನ ಅನುಪಾತವನ್ನು ಬದಲಾಯಿಸಬಹುದಾಗಿತ್ತು. ಮುಂದೆ ಪ್ರಸಿದ್ಧ ವಿಜ್ಞಾನಿಗಳಾದ ಹೆನ್ರಿ ಟಿಝರ್ಡ್ ಮತ್ತು ಡೇವಿಡ್ ಪೈ ಈ ಕೆಲಸದಲ್ಲಿ ಅವರ ಸಹೋದ್ಯೋಗಿಗಳಾಗಿದ್ದರು. ಪ್ರತಿಯೊಂದು ಇಂಧನವೂ ಬಡಿತವಿಲ್ಲದೆ ತಾಳಬಲ್ಲ ಗರಿಷ್ಠ ಅನುಪಾತವನ್ನು ಅವರು ಅಳೆದರು. ಟಾಲ್ವಿನ್ ಮತ್ತು ಬೆಂಜೀನ್ ಹೆಚ್ಚಾಗಿದ್ದ ಪೆಟ್ರೋಲು ಬಡಿತವನ್ನು ಚೆನ್ನಾಗಿ ತಡೆಯುತ್ತಿತ್ತು, ಮದ್ಯಸಾರವೂ ಹಾಗೆಯೇ. ಆದ್ದರಿಂದ ಇಂಧನಗಳನ್ನು ಟಾಲ್ವಿನ್ನಿಗೆ ಹೋಲಿಸಿ ಸಂಖ್ಯೆ ನೀಡುವ ಕ್ರಮವನ್ನು ರೂಪಿಸಿದರು. ಮುಂದೆ ಅಮೆರಿಕದಲ್ಲಿ ರೂಪುಗೊಂಡ ಆಕ್ಟೇನ್ ಸಂಖ್ಯೆ ಇದರ ಸ್ಥಾನವನ್ನು ಪಡೆಯಿತು.

ಅದುವರೆಗೆ ಪೆಟ್ರೋಲಿನ ಗುಣಮಟ್ಟವನ್ನು ಮುಖ್ಯವಾಗಿ ಅದರ ಸಾಂದ್ರತೆಯಿಂದ ಅಳೆಯುತ್ತಿದ್ದರು. ಹಗುರವಾದದ್ದು ಉತ್ತಮವೆಂದು ಭಾವಿಸಲಾಗುತ್ತಿತ್ತು. ರಿಕಾರ್ಡೊ ಅವರ ಅಳತೆಗಳು ಆ ನಂಬಿಕೆಯನ್ನು ಬದಿಗೆ ಸರಿಸಿದವು. 1919ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಎಲ್ಲೂ ಇಳಿಯದೆ ಮೊದಲ ಬಾರಿಗೆ ದಾಟಿದ ಆಲ್ಕಾಕ್ ಮತ್ತು ಬ್ರೌನ್ ಅವರ ವಿಮಾನಯಾನಕ್ಕೂ ಇಂಧನ ಮಿತವ್ಯಯದ ಈ ಅಧ್ಯಯನ ನೆರವಾಯಿತೆಂದು ಹೇಳಲಾಗುತ್ತದೆ.

ಓಟದ ಕಾರುಗಳು ಮತ್ತು ಮೋಟಾರ್ ಸೈಕಲ್

ದಹನಕೋಶದಲ್ಲಿ ಗಾಳಿಯ ಪ್ರಕ್ಷುಬ್ಧತೆ ಹೆಚ್ಚಿದರೆ ಜ್ವಾಲೆ ಬೇಗ ಹರಡುತ್ತದೆ ಎಂಬ ತತ್ತ್ವದ ಮೇಲೆ ರಿಕಾರ್ಡೊ ಅವರು ಪಕ್ಕದ ಕವಾಟಗಳ ಎಂಜಿನುಗಳಿಗೆ ಹೊಸ ಬಗೆಯ ಸಿಲಿಂಡರ್ ತಲೆಯನ್ನು ರೂಪಿಸಿದರು. ಅಗ್ಗದ ಸಾಮಾನ್ಯ ಕಾರುಗಳಿಗೂ ಹೆಚ್ಚಿನ ಶಕ್ತಿ ಮತ್ತು ಮಿತವ್ಯಯ ಇದರಿಂದ ದೊರೆಯಿತು.

ವಾಕ್ಸ್‌ಹಾಲ್ ಕಂಪನಿಗಾಗಿ ಅವರು ವಿನ್ಯಾಸಗೊಳಿಸಿದ 3 ಲೀಟರ್ ಗಾತ್ರದ ಓಟದ ಎಂಜಿನ್ 1922ರ ಟೂರಿಸ್ಟ್ ಟ್ರೋಫಿ ಸ್ಪರ್ಧೆಗೆ ಸಿದ್ಧವಾಯಿತು. ನಾಲ್ಕು ಸಿಲಿಂಡರುಗಳ ಈ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ನಾಲ್ಕು ಕವಾಟಗಳಿದ್ದವು. ಮ್ಯಾನ್ ದ್ವೀಪದಲ್ಲಿ ನಡೆದ ಆ ಸ್ಪರ್ಧೆಯಲ್ಲಿ ವಾಕ್ಸ್‌ಹಾಲ್ ಕಾರು ಮೂರನೆಯ ಸ್ಥಾನ ಗಳಿಸಿತು. ಟ್ರಯಂಫ್ ಕಂಪನಿಗಾಗಿ ರಚಿಸಿದ ನಾಲ್ಕು ಕವಾಟಗಳ ಮೋಟಾರ್ ಸೈಕಲ್ ಎಂಜಿನ್ ಸವಾರರ ಬಾಯಲ್ಲಿ 'ರಿಕ್ಕಿ' ಎಂದೇ ಹೆಸರಾಯಿತು.

ಡೀಸೆಲ್ ಎಂಜಿನ್ ಮತ್ತು ತೋಳುಕವಾಟ

ಡೀಸೆಲ್ ಎಂಜಿನ್ ಮಿತವ್ಯಯಿಯಾದರೂ ಆ ಕಾಲದಲ್ಲಿ ಅದು ದೊಡ್ಡದು, ನಿಧಾನವಾದದ್ದು. ರಿಕಾರ್ಡೊ ಅವರ 'ಕಾಮೆಟ್' ದಹನಕೋಶದಲ್ಲಿ ಗಾಳಿ ಚಿಕ್ಕದೊಂದು ದುಂಡನೆಯ ಕೋಣೆಯೊಳಗೆ ಸುಳಿಯಾಗಿ ತಿರುಗುತ್ತದೆ; ಅದರೊಳಗೆ ಡೀಸೆಲನ್ನು ಸಿಂಪಡಿಸಲಾಗುತ್ತದೆ. ಸುಳಿಯಿಂದಾಗಿ ಗಾಳಿಯೂ ಇಂಧನವೂ ಬೇಗ ಬೆರೆಯುವುದರಿಂದ ಹೆಚ್ಚಿನ ವೇಗ ಸಾಧ್ಯವಾಯಿತು. 1931ರ ಹೊತ್ತಿಗೆ ಇದು ಲಂಡನ್ನಿನ ಬಸ್ಸುಗಳ ಎಂಜಿನುಗಳಿಗೆ ಬಂದಿತು. ಮುಂದಿನ ಹಲವು ದಶಕಗಳ ಕಾಲ ಡೀಸೆಲ್ ಕಾರುಗಳಲ್ಲಿ ಈ ತತ್ತ್ವ ಬಳಕೆಯಲ್ಲಿತ್ತು.

ವಿಮಾನದ ಎಂಜಿನುಗಳಲ್ಲಿ ಸಾಮಾನ್ಯ ಕವಾಟದ ಬದಲು ಸಿಲಿಂಡರಿನೊಳಗೆ ಜಾರುವ ತೋಳಿನಂಥ ಕೊಳವೆಯನ್ನು ಬಳಸುವುದನ್ನು ಅವರು ಪ್ರತಿಪಾದಿಸಿದರು. ಕೆಂಪಗೆ ಕಾಯುವ ಕವಾಟ ಇಲ್ಲದ್ದರಿಂದ ಬಡಿತದ ಅಪಾಯ ಕಡಿಮೆ. ಬ್ರಿಸ್ಟಲ್ ಕಂಪನಿಯ ಪರ್ಸಿಯಸ್, ಹರ್ಕ್ಯುಲಿಸ್ ಮತ್ತು ಸೆಂಟಾರಸ್ ಎಂಜಿನುಗಳು ಈ ಬಗೆಯವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರ್ಯಾಂಕ್ ವಿಟಲ್ ಅವರ ಜೆಟ್ ಎಂಜಿನ್ನಿನ ಇಂಧನ ನಿಯಂತ್ರಣಕ್ಕೂ ರಿಕಾರ್ಡೊ ನೆರವು ನೀಡಿದರು.

ಇಂಧನ ಕ್ಷಮತೆಯ ಕುಸಿತ: ಇಂದಿನ ಪ್ರಸ್ತುತತೆ

ಶಕ್ತಿಶಾಲಿ ಕಾರೊಂದರ ಮೈಲೇಜ್ ಇದ್ದಕ್ಕಿದ್ದಂತೆ ಕುಸಿದರೆ ಕಾರಣವನ್ನು ಹುಡುಕುವ ಕ್ರಮ ರಿಕಾರ್ಡೊ ಅವರು ಅಧ್ಯಯನ ಮಾಡಿದ ನಷ್ಟಗಳ ವಿಂಗಡಣೆಯನ್ನೇ ಅನುಸರಿಸುತ್ತದೆ. ಇಂಧನ, ಮಿಶ್ರಣ, ಕಿಡಿಯ ಸಮಯ, ಸಂಪೀಡನ ಮತ್ತು ಯಾಂತ್ರಿಕ ಘರ್ಷಣೆ ಎಂಬ ಐದು ಭಾಗಗಳನ್ನು ಒಂದೊಂದಾಗಿ ಪರೀಕ್ಷಿಸಬೇಕಾಗುತ್ತದೆ.

ಮೊದಲನೆಯದು ಅಳತೆ. ಟ್ಯಾಂಕು ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿದಾಗ ಹಿಡಿದ ಪೆಟ್ರೋಲಿನಿಂದ ಕ್ರಮಿಸಿದ ದೂರವನ್ನು ಭಾಗಿಸಿದರೆ ನಿಜವಾದ ಅಂಕಿ ದೊರೆಯುತ್ತದೆ. ಹೀಗೆ ಹಲವು ಬಾರಿ ಅಳೆಯದೆ ಕುಸಿತವನ್ನು ಖಚಿತಪಡಿಸಲಾಗದು.

ಎರಡನೆಯದು ಇಂಧನ. ಹೆಚ್ಚಿನ ಸಂಪೀಡನದ ಎಂಜಿನ್ನಿಗೆ ಕಡಿಮೆ ಆಕ್ಟೇನಿನ ಪೆಟ್ರೋಲ್ ಹಾಕಿದರೆ ಇಂದಿನ ಕಾರು ಬಡಿಯುವುದಿಲ್ಲ. ಬಡಿತದ ಸಂವೇದಕ ಅದನ್ನು ಗ್ರಹಿಸಿ ಕಿಡಿಯನ್ನು ತಡಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಆದರೆ ಶಕ್ತಿ ಮತ್ತು ಮೈಲೇಜ್ ಎರಡೂ ಇಳಿಯುತ್ತವೆ. ಸದ್ದಿಲ್ಲದ ಈ ನಷ್ಟವನ್ನು ಚಾಲಕ ಗಮನಿಸದೇ ಇರಬಹುದು. ಎಥನಾಲ್ ಬಡಿತವನ್ನು ತಡೆಯುತ್ತದೆಯಾದರೂ ಒಂದು ಲೀಟರಿನಲ್ಲಿ ಅದರ ಶಾಖ ಪೆಟ್ರೋಲಿಗಿಂತ ಮೂರನೆಯ ಒಂದು ಭಾಗದಷ್ಟು ಕಡಿಮೆ. ಭಾರತದಲ್ಲಿ ಈಗ ದೊರೆಯುವ ಶೇ 20ರ ಎಥನಾಲ್ ಮಿಶ್ರಿತ ಪೆಟ್ರೋಲಿನಲ್ಲಿ ಈ ಕಾರಣದಿಂದ ಪ್ರತಿ ಲೀಟರಿಗೆ ಸುಮಾರು ಶೇ 6ರಿಂದ 7ರಷ್ಟು ಶಾಖ ಕಡಿಮೆಯಿರುತ್ತದೆ. ಅಷ್ಟು ಕುಸಿತ ಎಂಜಿನ್ನಿನ ದೋಷವಲ್ಲ.

ಮೂರನೆಯದು ಮಿಶ್ರಣ. ಹೊಗೆಕೊಳವೆಯಲ್ಲಿರುವ ಆಮ್ಲಜನಕ ಸಂವೇದಕ ಹಳೆಯದಾದರೆ, ಅಥವಾ ಎಂಜಿನ್ನನ್ನು ಸರಿಯಾದ ಬಿಸಿಗೆ ತರುವ ಥರ್ಮೋಸ್ಟಾಟ್ ತೆರೆದೇ ಉಳಿದರೆ, ನಿಯಂತ್ರಕವು ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಹೊಗೆಕೊಳವೆಯಲ್ಲಿ ಕಪ್ಪು ಮಸಿ ಕಾಣುವುದು ಇದರ ಸೂಚನೆ. ನಾಲ್ಕನೆಯದು ಕಿಡಿ ಮತ್ತು ಸಂಪೀಡನ: ಸವೆದ ಸ್ಪಾರ್ಕ್ ಪ್ಲಗ್, ಸೋರುವ ಕವಾಟ, ಸವೆದ ಪಿಸ್ಟನ್ ಉಂಗುರ ಇವು ಪರೀಕ್ಷೆಗೆ ಒಳಗಾಗಬೇಕು. ನೀಲಿ ಹೊಗೆ ಕಂಡರೆ ಟ್ಯಾಂಕಿನ ಎಂಜಿನ್ನಿನಲ್ಲಿ ಆದಂತೆ ಎಣ್ಣೆ ಉರಿಯುತ್ತಿದೆ ಎಂದರ್ಥ.

ಕೊನೆಯದು ಎಂಜಿನ್ನಿನ ಹೊರಗಿನ ಪ್ರತಿರೋಧ. ಟೈರಿನಲ್ಲಿ ಗಾಳಿ ಕಡಿಮೆಯಾಗಿರುವುದು, ಬ್ರೇಕ್ ಹಿಡಿದುಕೊಂಡೇ ಇರುವುದು, ಅಗಲವಾದ ಹೊಸ ಟೈರುಗಳನ್ನು ಹಾಕಿಸಿರುವುದು ಇವೆಲ್ಲ ಇಂಧನವನ್ನು ನುಂಗುತ್ತವೆ. ದೊಡ್ಡ ಎಂಜಿನ್ನಿನ ಕಾರು ನಗರದ ಸಂಚಾರ ದಟ್ಟಣೆಯಲ್ಲಿ ಬಹುತೇಕ ಮುಚ್ಚಿದ ಥ್ರಾಟಲಿನ ಮೂಲಕ ಗಾಳಿಯನ್ನು ಎಳೆದುಕೊಳ್ಳಲು ಶ್ರಮಿಸಬೇಕಾಗುವುದರಿಂದ, ಯಾವ ದೋಷವಿಲ್ಲದೆಯೂ ಅದರ ಮೈಲೇಜ್ ಹೆದ್ದಾರಿಯಲ್ಲಿನದಕ್ಕಿಂತ ಬಹಳ ಕಡಿಮೆಯಿರುತ್ತದೆ.

ಗ್ರಂಥಗಳು ಮತ್ತು ಗೌರವಗಳು

ಅಂತರ್ದಹನ ಎಂಜಿನ್ ಕುರಿತು ರಿಕಾರ್ಡೊ ಅವರು ಬರೆದ ಗ್ರಂಥ 1922 ಮತ್ತು 1923ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾಗಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪಠ್ಯವಾಯಿತು. ಅವರ ಆತ್ಮಕಥನ 1968ರಲ್ಲಿ ಬೆಳಕು ಕಂಡಿತು. 1929ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1944ರಲ್ಲಿ ಅದೇ ಸಂಸ್ಥೆಯ ರಮ್ಫರ್ಡ್ ಪದಕ, 1948ರಲ್ಲಿ ಸರ್ ಪದವಿ ಅವರಿಗೆ ಸಂದವು. 1944–45ರಲ್ಲಿ ಬ್ರಿಟನ್ನಿನ ಯಾಂತ್ರಿಕ ಎಂಜಿನಿಯರುಗಳ ಸಂಸ್ಥೆಯ ಅಧ್ಯಕ್ಷರಾಗಿದ್ದರು.

ಕೊನೆಯ ದಿನಗಳು

ವೃದ್ಧಾಪ್ಯವನ್ನು ರಿಕಾರ್ಡೊ ಪಶ್ಚಿಮ ಸಸೆಕ್ಸಿನ ಗ್ರಾಫಮ್ ಗ್ರಾಮದಲ್ಲಿ ಕಳೆದರು. 1974ರಲ್ಲಿ ಬಿದ್ದು ಕಾಲು ಮುರಿದುಕೊಂಡ ಅವರು ಚೇತರಿಸಿಕೊಳ್ಳಲಿಲ್ಲ. ಆರು ವಾರಗಳ ನಂತರ, ಮೇ 18ರಂದು, ತಮ್ಮ 89ನೆಯ ವಯಸ್ಸಿನಲ್ಲಿ ನಿಧನರಾದರು. ಅವರು ಹುಟ್ಟಿದ ಬೆಡ್‌ಫರ್ಡ್ ಸ್ಕ್ವೇರಿನ ಮನೆಯ ಗೋಡೆಯ ಮೇಲೆ ಸ್ಮಾರಕ ಫಲಕವಿದೆ. ಶೋರಮ್ಮಿನಲ್ಲಿ ಅವರು ಕಟ್ಟಿದ ಸಂಸ್ಥೆ ಅವರ ನಂತರವೂ ಎಂಜಿನ್ ಸಂಶೋಧನೆಯನ್ನು ಮುಂದುವರಿಸಿತು.